ಸೇತುವೆಯನ್ನು ನೋಡುವ ಹಕ್ಕು

ಮುಂಬಯಿಯಿಂದ ನಾಸಿಕದ ಕಡೆಗೆ ರೈಲಿನಲ್ಲಿ ಹೋಗುವ ನಮ್ಮವರಲ್ಲಿ ಎಷ್ಟು ಮಂದಿ ಎಹೆಗಾಂವ್ ಸೇತುವೆಯನ್ನು ಕಂಡಿದ್ದಾರೆ? ದಾಟಿದವರು ಅನೇಕರು, ಕಂಡವರು ವಿರಳ. ಕಸಾರಾದಲ್ಲಿ ಬಹುತೇಕ ಗಾಡಿಗಳಿಗೆ ಹಿಂದಿನಿಂದ ತಳ್ಳುವ ಎಂಜಿನ್‌ಗಳನ್ನು ಜೋಡಿಸುತ್ತಾರೆ. 37 ಅಡಿಗೆ ಒಂದಡಿಯಂತೆ ಏರುವ ಥಳ್ ಘಾಟಿನಲ್ಲಿ ಗಾಡಿ ಏದುಸಿರು ಬಿಡುತ್ತ ಇಗತಪುರಿಯತ್ತ ಹತ್ತುತ್ತದೆ. ನಡುವೆ ಒಂದು ಕಣಿವೆ ಕಿಟಕಿಯಾಚೆ ತೆರೆದುಕೊಂಡು ಮರೆಯಾಗುತ್ತದೆ. ಗಾಡಿಯಲ್ಲಿ ಕುಳಿತವನಿಗೆ ಕಾಣುವುದು ಕಣಿವೆ, ಸೇತುವೆಯಲ್ಲ. ಸೇತುವೆಯನ್ನು ಕಾಣಬೇಕಾದರೆ ಕಣಿವೆಯ ಮಗ್ಗುಲಲ್ಲಿ ನಿಲ್ಲಬೇಕು.

ಮಳೆಗಾಲ ಹಿಂದೆಗೆಯುತ್ತಿದ್ದ ಒಂದು ಭಾನುವಾರ ನಾನು ಹಾಗೆ ನಿಂತಿದ್ದೆ, ಕೈಯಲ್ಲಿ ಕ್ಯಾಮೆರಾ ಇತ್ತು. 182 ಅಡಿ ಎತ್ತರ, 750 ಅಡಿ ಉದ್ದದ ಆ ಸೇತುವೆ ಹಸಿರು ಇಳಿಜಾರುಗಳ ನಡುವೆ ಎದ್ದು ನಿಂತಿತ್ತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1865ರಲ್ಲಿ ಸಂಚಾರಕ್ಕೆ ತೆರೆದ ಈ ಘಟ್ಟದ ಹಾದಿಯ ಉದ್ದ ಒಂಬತ್ತು ಮೈಲಿಗಿಂತ ತುಸು ಹೆಚ್ಚು, ಏರು 972 ಅಡಿ. ಅಷ್ಟರೊಳಗೆ 13 ಸುರಂಗಗಳು, 6 ಕಣಿವೆ ಸೇತುವೆಗಳು.

ಒಂದೆರಡು ಚಿತ್ರ ತೆಗೆಯುವಷ್ಟರಲ್ಲಿ ಸಮವಸ್ತ್ರದ ಕಾವಲುಗಾರನೊಬ್ಬ ಬಂದು, "ಸಾಹೇಬ, ಇಲ್ಲಿ ಫೋಟೋ ತೆಗೆಯುವಂತಿಲ್ಲ" ಎಂದು ಮರಾಠಿಯಲ್ಲಿ ಹೇಳಿದ. ನಾನು ಸಾರ್ವಜನಿಕರು ಓಡಾಡುವ ಕಾಲುದಾರಿಯಲ್ಲಿದ್ದೆ. ಅದೇ ಹೊತ್ತಿಗೆ ಮೇಲೆ ಹಳಿಯ ಅಂಚಿನಲ್ಲೇ ಮೂವರು ತರುಣರು ಮೊಬೈಲ್ ಹಿಡಿದು ತಮ್ಮದೇ ಚಿತ್ರ ತೆಗೆದುಕೊಳ್ಳುತ್ತಿದ್ದರು. ಅವರನ್ನು ಯಾರೂ ತಡೆಯಲಿಲ್ಲ. ನಾನು ಕ್ಯಾಮೆರಾ ಚೀಲಕ್ಕೆ ಸೇರಿಸಿ ಮರಳಿದೆ.

ಆ ಕಾವಲುಗಾರನ ಮೇಲೆ ನನಗೆ ಕೋಪವಿಲ್ಲ. ಮೂವತ್ತು ವರ್ಷ ಕೇಂದ್ರ ಸರ್ಕಾರದ ಕಡತಗಳ ನಡುವೆ ಬಾಳಿದ ನನಗೆ ಈ ಮನೋಧರ್ಮ ಅಪರಿಚಿತವಲ್ಲ. 'ಆಗಬಹುದು' ಎಂದು ಬರೆದವನು ನಾಳೆ ಕಾರಣ ಕೊಡಬೇಕಾಗುತ್ತದೆ. 'ಆಗದು' ಎಂದು ಬರೆದವನನ್ನು ಯಾರೂ ಕೇಳುವುದಿಲ್ಲ. ನಾನೂ ಹಾಗೆ ಬರೆದದ್ದುಂಟು. ಆದರೆ ಕಾನೂನು ನಮ್ಮ ಅಂಜಿಕೆಯಷ್ಟು ಕುರುಡಲ್ಲ. 1923ರ ಅಧಿಕೃತ ರಹಸ್ಯಗಳ ಕಾಯಿದೆಯ ಪ್ರಕಾರ ಒಂದು ರೈಲುಮಾರ್ಗವು ನಿಷೇಧಿತ ಸ್ಥಳವಾಗಬೇಕಾದರೆ ಕೇಂದ್ರ ಸರ್ಕಾರ ಹಾಗೆಂದು ಅಧಿಸೂಚನೆ ಹೊರಡಿಸಬೇಕು, ಅದರ ಪ್ರತಿಯನ್ನು ಇಂಗ್ಲಿಷಿನಲ್ಲೂ ಆ ಸೀಮೆಯ ಭಾಷೆಯಲ್ಲೂ ಸ್ಥಳದಲ್ಲಿ ಅಂಟಿಸಬೇಕು. ಇನ್ನು ಹಳಿಯ ಮೇಲೆ ಅತಿಕ್ರಮವಾಗಿ ಹೋಗುವುದು 1989ರ ರೈಲ್ವೆ ಕಾಯಿದೆಯ 147ನೆಯ ಪ್ರಕರಣದಂತೆ ಸ್ಪಷ್ಟ ಅಪರಾಧ, ಅದಕ್ಕಿಂತ ಮಿಗಿಲಾಗಿ ಪ್ರಾಣಾಪಾಯ. ದೂರದಿಂದ ನೋಡುವುದು ಬೇರೆ, ಒಳನುಗ್ಗುವುದು ಬೇರೆ. ಮೊದಲನೆಯದನ್ನು ತಡೆದು ಎರಡನೆಯದಕ್ಕೆ ಕಣ್ಣು ಮುಚ್ಚಿಕೊಳ್ಳುವುದು ರಕ್ಷಣೆಯಾಗಲಾರದು. ಉಪಗ್ರಹ ತೆಗೆದ ಚಿತ್ರವನ್ನು ಮನೆಯಲ್ಲೇ ಕುಳಿತು ಯಾರು ಬೇಕಾದರೂ ನೋಡಬಹುದಾದ ಇಂದು ಕಾಲುದಾರಿಯ ಕ್ಯಾಮೆರಾಕ್ಕೆ ಹೆದರುವುದೇಕೆ?

ಇದು ಹವ್ಯಾಸಿಯೊಬ್ಬನ ಅಸಮಾಧಾನವಷ್ಟೇ ಎಂದು ಓದುಗರು ಭಾವಿಸಬಾರದು. ಖಂಡಾಲಾದ ಬಳಿ 1830ರಲ್ಲಿ ಕಟ್ಟಿದ, ಜನ 'ಅಮೃತಾಂಜನ ಸೇತುವೆ' ಎಂದು ಕರೆಯುತ್ತಿದ್ದ ರಸ್ತೆ ಸೇತುವೆಯನ್ನು ಸಂಚಾರಕ್ಕೆ ಅಡಚಣೆಯೆಂದು 2020ರ ಏಪ್ರಿಲಿನಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಊರೆಲ್ಲ ಬಾಗಿಲು ಮುಚ್ಚಿದ್ದ ಕಾಲವದು. ಅಗತ್ಯವಿತ್ತೋ ಇಲ್ಲವೋ, ಆ ಚರ್ಚೆ ಬೇರೆ. ಇಂದು ಆ ಸೇತುವೆಯನ್ನು ಮತ್ತೆ ಕಾಣಬೇಕೆಂದರೆ, ದಾರಿಹೋಕರು ತೆಗೆದಿಟ್ಟ ಚಿತ್ರಗಳೇ ಗತಿ.

ಚಿತ್ರ ತೆಗೆಯುವವರಿಗೂ ಒಂದು ಹೊಣೆಯುಂಟು. ನಾವು ಸೆರೆಹಿಡಿಯುವುದು ಕಲ್ಲು, ಕಬ್ಬಿಣ, ಮಂಜು. ಕಟ್ಟಿದವರು ಚಿತ್ರದಲ್ಲಿರುವುದಿಲ್ಲ. ನೆರೆಯ ಭೋರ್ ಘಾಟಿನ ಕಾಮಗಾರಿಯಲ್ಲಿ 1861ರ ಹೊತ್ತಿಗೆ 42,000 ಮಂದಿ ದುಡಿಯುತ್ತಿದ್ದರು. 1859ರಲ್ಲಿ ಅಲ್ಲಿ ಕೂಲಿಗಾಗಿ ದಂಗೆಯೇ ಎದ್ದಿತು. ಎಂಜಿನಿಯರ್ ಜೇಮ್ಸ್ ಬರ್ಕ್ಲಿಯ ಹೆಸರು ಇತಿಹಾಸದಲ್ಲಿದೆ, ಬುಟ್ಟಿ ಹೊತ್ತವರ ಹೆಸರಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಇನ್ನೊಂದು ನಾಡನ್ನು ಕಟ್ಟಿದವರ ಪಾಡು ಹೊರನಾಡಿನ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಿರಿಯರೂ ಈ ಘಟ್ಟಗಳ ಹಾದಿಯಲ್ಲೇ ಟ್ರಂಕು ಹೊತ್ತು ಬಂದವರು.

ಆದುದರಿಂದ ನನ್ನ ಬೇಡಿಕೆ ಸರಳ. ಹಳೆಯ ಕಣಿವೆ ಸೇತುವೆಗಳ ಬಳಿ, ಹಳಿಯಿಂದ ಸುರಕ್ಷಿತ ದೂರದಲ್ಲಿ, ಜನರು ನಿಂತು ನೋಡಲು ಒಂದು ತಾಣವಿರಲಿ. ಕಟ್ಟಿದ ವರ್ಷ, ಎತ್ತರ, ದುಡಿದವರ ಸಂಗತಿ ತಿಳಿಸುವ ಫಲಕವೊಂದು ಅಲ್ಲಿರಲಿ. ನಿಜವಾಗಿ ನಿಷೇಧಿಸಬೇಕಾದಲ್ಲಿ ಕಾನೂನಿನಂತೆ ಸೂಚನೆ ಅಂಟಿಸಲಿ, ಉಳಿದೆಡೆ ಕಾವಲುಗಾರನ ಗಮನ ಹಳಿ ಹತ್ತಿದವರ ಮೇಲಿರಲಿ. ನಮ್ಮ ಸಂಘಗಳೂ ವರ್ಷಕ್ಕೊಂದು ಪ್ರವಾಸವನ್ನು ಇಂಥ ಕಡೆ ಏರ್ಪಡಿಸಿ, ತೆಗೆದ ಚಿತ್ರಗಳಿಗೆ ದಿನಾಂಕ, ಸ್ಥಳ ಬರೆದು ಸಂಘದ ಗ್ರಂಥಾಲಯದಲ್ಲಿ ಕಾಪಾಡಿಡಬಹುದು.

ನಾನು ಈ ವರ್ಷವೂ ಮಳೆ ನಿಂತ ಮೇಲೆ ಅಲ್ಲಿಗೆ ಹೋಗುವವನಿದ್ದೇನೆ. ಈ ಸಲ ಚೀಲದಲ್ಲಿ ಕ್ಯಾಮೆರಾದ ಜೊತೆಗೆ ಆ ಎರಡು ಕಾಯಿದೆಗಳ ಪ್ರತಿಯೂ ಇರುತ್ತದೆ.