ಬೆರಳಿಗಿಂತ ಮೊದಲು ಕಿವಿ

ಹಾರ್ಮೋನಿಯಂ ನಮ್ಮವರಿಗೆ ಹೊಸದಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳ ಭಜನೆಗಳಲ್ಲಿಯೂ ಕಾಸರಗೋಡಿನ ಯಕ್ಷಗಾನದ ಶ್ರುತಿಯಲ್ಲಿಯೂ ಅದರ ನಾದವನ್ನು ಕೇಳುತ್ತಲೇ ನಾವು ಬೆಳೆದಿದ್ದೇವೆ. ಭಾಗವತರ ಶ್ರುತಿಯನ್ನು ‘ಕಪ್ಪು ಒಂದು’, ‘ಕಪ್ಪು ಎರಡು’ ಎಂದು ಗುರುತಿಸುವುದೂ ಆ ವಾದ್ಯದ ಕೀಗಳಿಂದಲೇ. ಈಗ ಅದೇ ಬಳಗದ ಪಿಯಾನೋ, ಹೆಚ್ಚಾಗಿ ವಿದ್ಯುತ್ ಕೀಬೋರ್ಡಿನ ರೂಪದಲ್ಲಿ, ನಮ್ಮ ಮಕ್ಕಳ ಮುಂದೆಯೂ ಬಂದು ನಿಂತಿದೆ. ತಂದೆತಾಯಿಗಳು ಬಹಳ ಆಸೆಯಿಂದ ಅದನ್ನು ಕೊಂಡು ತರುತ್ತಾರೆ. ಆದರೆ ಒಂದೆರಡು ವರ್ಷಗಳೊಳಗೆ ಅದಕ್ಕೊಂದು ಬಟ್ಟೆ ಹೊದಿಸಿ ಮೂಲೆಗೆ ಸರಿಸುವ ಮನೆಗಳೂ ಉಂಟು. ಹಣ ಹೋದುದು ದೊಡ್ಡ ಮಾತಲ್ಲ. ‘ನನಗೆ ಸಂಗೀತ ಬಾರದು’ ಎಂಬ ತೀರ್ಮಾನ ಎಳೆಯ ಮನಸ್ಸಿನಲ್ಲಿ ಬೇರೂರಿದರೆ ಆ ಮಗು ಮುಂದೆ ಮನೆಯ ಹಬ್ಬದಲ್ಲಿಯೂ ಬಾಯಿಬಿಟ್ಟು ಹಾಡಲು ಹಿಂಜರಿಯುತ್ತದೆ. ಎಷ್ಟೋ ಸಲ ಕೊರತೆ ಇರುವುದು ಮಗುವಿನಲ್ಲಲ್ಲ, ಅಭ್ಯಾಸದ ಕ್ರಮದಲ್ಲಿ.

ಮೊದಲು ವಾದ್ಯದ ಸ್ವಭಾವವನ್ನು ತಿಳಿಯಬೇಕು. ಸುಮಾರು 1700ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬಾತನು ನಿರ್ಮಿಸಿದ ಈ ವಾದ್ಯದಲ್ಲಿ ಪುಟ್ಟ ಸುತ್ತಿಗೆಗಳು ತಂತಿಯನ್ನು ಬಡಿಯುತ್ತವೆ. ಬೆರಳು ಮೆಲ್ಲಗೆ ಒತ್ತಿದರೆ ಮೆಲುದನಿ, ಬಲವಾಗಿ ಒತ್ತಿದರೆ ಏರುದನಿ. ಹಾರ್ಮೋನಿಯಂನಲ್ಲಾದರೋ ದನಿಯ ಏರಿಳಿತ ತಿದಿಯಿಂದ ಬರುತ್ತದೆ; ಎಡಗೈ ತಿದಿ ಒತ್ತುತ್ತಿರುತ್ತದೆ, ಬಲಗೈ ಒಂದೇ ಸ್ವರಗಳನ್ನು ನುಡಿಸುತ್ತದೆ. ಆದ್ದರಿಂದ ಹಾರ್ಮೋನಿಯಂ ಬಲ್ಲ ಮಗು ಪಿಯಾನೋ ಮುಂದೆ ಕುಳಿತಾಗ ಬಲಗೈ ಓಡುತ್ತದೆ, ಎಡಗೈ ಹಿಂದುಳಿಯುತ್ತದೆ. ಇದನ್ನು ದಡ್ಡತನವೆಂದು ಎಣಿಸಲಾಗದು. ಆ ಕೈಗೆ ಬೇರೆ ಕೆಲಸ ರೂಢಿಯಾಗಿದೆ, ಅಷ್ಟೆ.

ಎರಡು ಕೈಗಳು ಎರಡು ಬಗೆಯ ಕೆಲಸ ಮಾಡುವುದು ಎಲ್ಲ ದೇಶಗಳ ಮಕ್ಕಳಿಗೂ ಕಷ್ಟವೇ. ಹಂಗೇರಿಯ ಬೇಲಾ ಬಾರ್ತೋಕ್ ಮಕ್ಕಳಿಗಾಗಿ ಆರಂಭಿಸಿ ಕ್ರಮವಾಗಿ ಕಠಿಣವಾಗುವಂತೆ ರಚಿಸಿದ ‘ಮೈಕ್ರೋಕಾಸ್ಮೋಸ್’ನಲ್ಲಿ 153 ಪಾಠಗಳಿವೆ, ಅದರ ಮೊದಲ ಪಾಠಗಳಲ್ಲಿ ಎರಡು ಕೈಗಳೂ ಒಂದೇ ಧಾಟಿಯನ್ನು ನುಡಿಸುತ್ತವೆ. ಕೈಗಳು ಬೇರೆಬೇರೆ ದಾರಿ ಹಿಡಿಯುವುದು ಅನಂತರ. ಉಪಾಯವೂ ಇದೇ: ಮೊದಲು ಒಂದೊಂದು ಕೈ, ಬಳಿಕ ಎರಡೂ ಕೈಗಳ ಲಯವನ್ನು ತೊಡೆಯ ಮೇಲೆ ತಟ್ಟುವುದು, ಆಮೇಲೆ ವಾದ್ಯ. ಸರಳೆ ವರಸೆಯನ್ನು ಹಾಡುತ್ತ ಕೈಯಲ್ಲಿ ತಾಳ ಹಾಕಿದ ಮಗುವಿಗೆ ಏಕಕಾಲದಲ್ಲಿ ಎರಡು ಕೆಲಸ ಮಾಡುವ ಅಭ್ಯಾಸ ಆಗಲೇ ಇದೆ. ಅದನ್ನು ನೆನಪಿಸಿದರೆ ಮಗುವಿಗೆ ಧೈರ್ಯ ಬರುತ್ತದೆ.

ಮನೆಯ ಅಭ್ಯಾಸದ ತೊಡಕು ಬಹಳ ಹಳೆಯದು. ಫ್ರಾನ್ಸಿನ ಫ್ರಾಂಸ್ವಾ ಕೂಪರಾಂ 1716ರಲ್ಲಿ ಹಾರ್ಪ್ಸಿಕಾರ್ಡ್ ವಾದನದ ಬಗ್ಗೆ ಬರೆದ ಗ್ರಂಥದಲ್ಲಿ, ಎಳೆಯ ಮಕ್ಕಳು ಆರಂಭದಲ್ಲಿ ಗುರುವಿನ ಎದುರಿಗೆ ಮಾತ್ರವೇ ನುಡಿಸಬೇಕೆಂದು ಹೇಳಿದ್ದಾನೆ. ತಾನು ಕಲಿಸಿದ್ದನ್ನು ಅವರು ಕ್ಷಣದಲ್ಲಿ ಕೆಡಿಸದಿರಲೆಂದು ಆತನು ವಾದ್ಯದ ಬೀಗದ ಕೈಯನ್ನೇ ಒಯ್ಯುತ್ತಿದ್ದನಂತೆ! ನಮ್ಮ ಮಕ್ಕಳ ಸ್ಥಿತಿ ಇದಕ್ಕೆ ವಿರುದ್ಧವಾದುದು. ವಾರಕ್ಕೊಮ್ಮೆ ಪಾಠವಾದರೆ ಉಳಿದ ಆರು ದಿನಗಳೂ ಮನೆಯವರ ಪಾಲಿನವು.

ಆ ಆರು ದಿನಗಳಲ್ಲಿ ನಡೆಯುವುದೇನು? ಮಗು ಪ್ರತಿಸಲವೂ ಮೊದಲಿನಿಂದ ನುಡಿಸತೊಡಗುತ್ತದೆ, ಅದೇ ಕಷ್ಟದ ತಾಣದಲ್ಲಿ ಎಡವುತ್ತದೆ, ಮತ್ತೆ ಮೊದಲಿಗೆ ಮರಳುತ್ತದೆ. ಹೀಗೆ ಬರುತ್ತಿದ್ದ ಸಾಲು ಮತ್ತಷ್ಟು ನಯವಾಗುತ್ತದೆ, ಬಾರದ ಸಾಲು ಹಾಗೆಯೇ ಉಳಿಯುತ್ತದೆ. ಅಷ್ಟೇ ಅಲ್ಲ, ಹತ್ತು ಸಲ ನುಡಿಸಿದ ತಪ್ಪನ್ನು ಬೆರಳು ಪಾಠವೆಂದೇ ಕಲಿತುಬಿಡುತ್ತದೆ. ಆದುದರಿಂದ ಎಡವಿದ ಜಾಗದ ಎರಡೇ ಆವರ್ತಗಳನ್ನು ಪ್ರತ್ಯೇಕಿಸಿ, ನಿಧಾನವಾಗಿ, ತಪ್ಪಿಲ್ಲದೆ ನುಡಿಸಬೇಕು. ಬಳಿಕ ಹಿಂದಿನದೊಂದನ್ನೂ ಮುಂದಿನದೊಂದನ್ನೂ ಕೂಡಿಸಿಕೊಳ್ಳಬೇಕು. ಭಾನುವಾರದ ಎರಡು ಗಂಟೆಗಳಿಗಿಂತ ದಿನದಿನದ ಹದಿನೈದು ನಿಮಿಷ ಲೇಸು.

ವೇಗದ ಹುಚ್ಚು ಇನ್ನೊಂದು ತೊಡಕು. ಸುಲಭವಾದೆಡೆ ಓಡುವುದು, ಕಷ್ಟವಾದೆಡೆ ತಡವರಿಸುವುದು ಮಕ್ಕಳ ರೀತಿ. ಕಷ್ಟದ ತಾಣವನ್ನು ಯಾವ ವೇಗದಲ್ಲಿ ಸರಿಯಾಗಿ ನುಡಿಸಬಲ್ಲರೋ ಅದೇ ವೇಗದಿಂದ ಇಡೀ ಪಾಠ ಆರಂಭವಾಗಲಿ. ಮೇಲ್ಟ್ಸೆಲ್ 1815ರಲ್ಲಿ ಹಕ್ಕುಪತ್ರ ಪಡೆದ ಮೆಟ್ರೊನೋಮ್ ಎಂಬ ಲಯಯಂತ್ರ ಇಲ್ಲಿ ಉಪಯುಕ್ತ. ಆದರೆ ಅದನ್ನು ಬೆತ್ತದಂತೆ ಬಳಸದೆ, ಲಯ ತಪ್ಪಿತೇ ಎಂದು ಪರೀಕ್ಷಿಸಲು ಬಳಸಬೇಕು.

ದೇಹವನ್ನೂ ಗಮನಿಸಬೇಕು. ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ಆಸನವಿರಲಿ; ಬೆರಳುಗಳು ನಿಂಬೆಹಣ್ಣನ್ನು ಹಿಡಿದಂತೆ ಬಾಗಿರಲಿ; ಭುಜ ಬಿಗಿಯದಿರಲಿ. ನೋವು ಕಂಡೊಡನೆ ನಿಲ್ಲಿಸಬೇಕು. ಪಿಯಾನೋ ವಾದಕನಾಗಬೇಕೆಂದಿದ್ದ ರಾಬರ್ಟ್ ಶೂಮಾನ್ 1830ರ ದಶಕದ ಆರಂಭದಲ್ಲಿ ಬಲಗೈ ಬೆರಳಿನ ಶಕ್ತಿ ಕುಂದಿ ಆ ಆಸೆಯನ್ನು ಬಿಡಬೇಕಾಯಿತು. ಅದೇ ಶೂಮಾನ್ 1848ರಲ್ಲಿ ತನ್ನ ಮಗಳ ಏಳನೆಯ ಹುಟ್ಟುಹಬ್ಬದ ನಿಮಿತ್ತ ಬರೆಯತೊಡಗಿದ ಪುಟ್ಟ ರಚನೆಗಳು ಬೆಳೆದು ‘ಆಲ್ಬಮ್ ಫಾರ್ ದಿ ಯಂಗ್’ ಎಂಬ ಸಂಕಲನವಾದುವು. ಇಂದಿಗೂ ಮಕ್ಕಳು ಅವನ್ನು ನುಡಿಸುತ್ತಾರೆ.

ನಮ್ಮ ಮಕ್ಕಳಿಗೆ ವಿಶೇಷವಾದ ಗೊಂದಲವೊಂದಿದೆ. ಕೀಬೋರ್ಡಿನ ‘ಸಿ’ ಎಂದರೆ ಷಡ್ಜವೆಂದು ಹಲವರು ಹೇಳಿಕೊಡುತ್ತಾರೆ. ‘ಸಿ’ ಒಂದು ನಿಶ್ಚಿತ ಸ್ವರದ ಹೆಸರು. ನಮ್ಮ ಷಡ್ಜವಾದರೋ ಹಾಡುವವರ ಕಂಠಕ್ಕೆ ತಕ್ಕಂತೆ ಯಾವ ಕೀಯಲ್ಲಿಯಾದರೂ ನೆಲಸಬಹುದು. ಇದನ್ನು ಮೊದಲೇ ತಿಳಿಸಿದರೆ ಎರಡು ಪದ್ಧತಿಗಳೂ ಮಗುವಿನಲ್ಲಿ ಜಗಳವಾಡವು. ಪಾಶ್ಚಾತ್ಯ ಸ್ವರಲಿಪಿಯ ಐದು ಗೆರೆಗಳನ್ನು ಓದಲು ಕಲಿಯಲಿ. ಜೊತೆಗೆ ಅಜ್ಜಿಯ ಜೋಗುಳವನ್ನೋ ಮನೆಯ ಭಜನೆಯನ್ನೋ ಕಿವಿಯಿಂದಲೇ ಹುಡುಕಿ ನುಡಿಸಲಿ. ಪರೀಕ್ಷೆಗಾಗಿ ವರ್ಷವಿಡೀ ಮೂರೇ ರಚನೆಗಳನ್ನು ಉರುಹೊಡೆದ ಮಗು ಪ್ರಮಾಣಪತ್ರವನ್ನು ಪಡೆಯಬಹುದು. ಆದರೆ ಪುಸ್ತಕ ಮುಚ್ಚಿದರೆ ಅದರ ಕೈ ಬರಿದು.

‘ನಮಗೆ ಸಂಗೀತವೇ ತಿಳಿಯದು, ನಾವೇನು ಮಾಡಬಲ್ಲೆವು?’ ಎನ್ನುವ ತಾಯಂದಿರಿಗೆ ನಮ್ಮದೊಂದು ವಿನಂತಿ. ಅತಿಥಿಗಳೆದುರು ‘ಪೂರ್ತಿ ನುಡಿಸಿ ತೋರಿಸು’ ಎಂದು ಒತ್ತಾಯಿಸಬೇಡಿ. ಸಂಜೆಯ ಹದಿನೈದು ನಿಮಿಷ ಮಗುವಿನ ಪಕ್ಕದಲ್ಲಿ ಕುಳಿತು, ‘ಇಂದು ಎಲ್ಲಿ ಕಷ್ಟವಾಯಿತು? ಅಷ್ಟನ್ನೇ ಕೇಳಿಸು’ ಎನ್ನಿ. ನಿನ್ನೆ ಎಡವಿದಲ್ಲಿ ಇಂದು ಎಡವದಿದ್ದರೆ ನಿಮ್ಮ ಕಿವಿಗೇ ಅದು ತಿಳಿಯುತ್ತದೆ. ತಿಳಿದುದನ್ನು ಮಗುವಿಗೂ ಹೇಳಿ.