ಮನೆಯೊಳಗಿನ ಲೋಳೆಹುಳು, ಅಂಗಳದೊಳಗಿನ ವಿಷ

ಆರಿದ್ರಾ ಮಳೆ ಹಿಡಿದು ನಾಲ್ಕು ದಿನ ಕಳೆಯುವಷ್ಟರಲ್ಲಿ ಮಲೆನಾಡಿನ ಮನೆಗಳಲ್ಲಿ ಬೆಳಗಿನ ಮೊದಲ ಕೂಗು ಬಚ್ಚಲಿನಿಂದ ಕೇಳಿಬರುತ್ತದೆ. ನಸುಕಿನಲ್ಲಿ ಹಂಡೆಗೆ ಬೆಂಕಿ ಹಾಕಲು ಹೋದವರ ಬರಿಗಾಲಿಗೆ ತಣ್ಣನೆಯದೊಂದು ಮೆತ್ತಿಕೊಂಡಿರುತ್ತದೆ. ದೀಪ ಹಾಕಿ ನೋಡಿದರೆ ಗೋಡೆಯ ಬುಡದಿಂದ ಅಡುಗೆಮನೆಯ ಹೊಸ್ತಿಲವರೆಗೆ ಬೆಳ್ಳಿಯ ಗೆರೆ ಎಳೆದಂತೆ ಹೊಳೆಯುವ ಲೋಳೆಯ ಜಾಡು. ಕೂಗಿನ ಬೆನ್ನಲ್ಲೇ ಉಪ್ಪಿನ ಡಬ್ಬಿ ಹೊರಬರುತ್ತದೆ. ಹಿಂದೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಈಗೀಗ ಉಪ್ಪಿನ ಜಾಗದಲ್ಲಿ ಪೇಟೆಯ ಗೊಬ್ಬರದಂಗಡಿಯಿಂದ ತಂದ ವಿಷದ ಗುಳಿಗೆಗಳು ಕಾಣಿಸಿಕೊಳ್ಳತೊಡಗಿವೆ. ಒಂದು ಬಡಪಾಯಿ ಜೀವಿಯನ್ನು ಮನೆಯಿಂದ ಹೊರಗಿಡುವ ಪ್ರಶ್ನೆ ಅಂಗಳದ ನೆಲಕ್ಕೇ ವಿಷವಿಕ್ಕುವ ಪ್ರಶ್ನೆಯಾಗಿ ಬೆಳೆದಿರುವುದು ಹೀಗೆ.

ಚಿಪ್ಪಿಲ್ಲದ ಬಸವನಹುಳು, ಅಂದರೆ ಲೋಳೆಹುಳು, ಹೆಸರಿಗಷ್ಟೇ ಹುಳು. ಕನ್ನಡವು ಹರಿದಾಡುವ ಸಣ್ಣ ಜೀವಿಗಳನ್ನೆಲ್ಲ ಹುಳುವೆಂದೇ ಕರೆದು ನಿಶ್ಚಿಂತೆಯಿಂದಿರುವ ಭಾಷೆ. ವಾಸ್ತವದಲ್ಲಿ ಇದು ಕೀಟಗಳ ಬಳಗಕ್ಕೆ ಸೇರಿದ್ದಲ್ಲ. ಹೊಳೆಯ ಚಿಪ್ಪುಮೀನು, ಕಡಲ ಕಪ್ಪೆಚಿಪ್ಪುಗಳ ದಾಯಾದಿ. ಇದರ ವಂಶದಲ್ಲಿ ಚಿಪ್ಪು ಕಾಲಾಂತರದಲ್ಲಿ ಕುಗ್ಗಿಹೋಗಿದೆ, ಕೆಲವು ಜಾತಿಗಳಲ್ಲಿ ಅದರ ತುಣುಕೊಂದು ಚರ್ಮದಡಿಯಲ್ಲಿ ಉಳಿದಿದೆ. ಬೆನ್ನ ಮೇಲೆ ಮನೆ ಹೊತ್ತು ತಿರುಗುವ ಬಸವನಹುಳು ಬಿಸಿಲೇರಿದಾಗ ಒಳಸರಿದು ಬಾಗಿಲು ಮುಚ್ಚಿಕೊಳ್ಳಬಲ್ಲದು. ಲೋಳೆಹುಳುವಿಗೆ ಆ ಭಾಗ್ಯವಿಲ್ಲ. ಅದರ ಮೈಯ ನೀರು ಸದಾ ಆವಿಯಾಗುತ್ತಲೇ ಇರುತ್ತದೆ. ಒಣಗಿದರೆ ಸಾವು. ಆದುದರಿಂದ ಹಗಲು ಕಲ್ಲಿನಡಿ, ದರಗಿನಡಿ, ಕೊಳೆತ ಮರದಡಿ ಅವಿತಿದ್ದು, ರಾತ್ರಿ ತೇವವನ್ನು ಅರಸುತ್ತ ಹೊರಡುವುದೇ ಅದರ ಬದುಕು. ಹೊರಗೆ ನೆಲವೆಲ್ಲ ನೀರಾಗಿ ಅಡಗುತಾಣಗಳು ಮುಳುಗಿದಾಗ ಅದು ಕತ್ತಲೆಯೂ ತಂಪೂ ಇರುವ ಇನ್ನೊಂದು ಜಾಗವನ್ನು ಹುಡುಕುತ್ತದೆ. ಮನುಷ್ಯರ ಬಚ್ಚಲು ಅದರ ಲೆಕ್ಕದಲ್ಲಿ ಒಂದು ದೊಡ್ಡ ಕಲ್ಲಿನ ಅಡಿಭಾಗವಷ್ಟೇ. ಒಮ್ಮೆ ನಡೆದ ಲೋಳೆಯ ಜಾಡನ್ನು ಹಿಡಿದು ಮರಳಿ ಬರುವ ಶಕ್ತಿಯೂ ಅದಕ್ಕಿದೆ. ಇಂದು ಹೊರಗೆಸೆದದ್ದು ನಾಳೆ ಅಲ್ಲೇ ಕಾಣಿಸಿಕೊಂಡರೆ ಅದನ್ನು ಹಟವೆಂದು ತಿಳಿಯಬೇಕಾಗಿಲ್ಲ.

ಇಂಬಳದಂತೆ ಇದು ರಕ್ತ ಹೀರುವುದಿಲ್ಲ, ಕಚ್ಚುವುದಿಲ್ಲ, ಕುಟುಕುವುದಿಲ್ಲ. ಹಾಗೆಂದು ಪೂರ್ಣ ನಿರುಪದ್ರವಿಯೆಂದು ಹೇಳಿಬಿಡುವುದೂ ಪ್ರಾಮಾಣಿಕತೆಯಲ್ಲ. ಇಲಿಗಳ ಶ್ವಾಸಕೋಶದ ರಕ್ತನಾಳಗಳಲ್ಲಿ ವಾಸಿಸುವ ಒಂದು ಜಂತುವನ್ನು 1935ರಲ್ಲಿ ಚೀನದ ಕ್ಯಾಂಟನ್ ನಗರದ ಇಲಿಗಳಲ್ಲಿ ಗುರುತಿಸಲಾಯಿತು. ಅದರ ಮರಿಗಳು ಇಲಿಯ ಹಿಕ್ಕೆಯ ಮೂಲಕ ಹೊರಬಿದ್ದು, ಆ ಹಿಕ್ಕೆಯನ್ನು ತಿನ್ನುವ ಬಸವನಹುಳು, ಲೋಳೆಹುಳುಗಳ ದೇಹದಲ್ಲಿ ಬೆಳೆಯುತ್ತವೆ. ಅಂಥ ಜೀವಿ ಹಸಿಯಾಗಿ ಮನುಷ್ಯರ ಹೊಟ್ಟೆ ಸೇರಿದರೆ ಮಿದುಳುಪೊರೆಯ ಉರಿಯೂತ ಉಂಟಾಗಬಹುದು. ಭಾರತದಲ್ಲಿ ಈ ರೋಗ ವಿರಳ, ಆದರೆ ಇಲ್ಲವೆನ್ನುವಂತಿಲ್ಲ. ಬೇಯಿಸಿದ ಆಹಾರದಲ್ಲಿ ಭಯವಿಲ್ಲ. ಎಚ್ಚರ ಬೇಕಾದುದು ಹಸಿ ಸೊಪ್ಪಿನಲ್ಲಿ. ತೋಡಿನ ಬದಿಯಲ್ಲಿ ನೆಲಕ್ಕಂಟಿ ಬೆಳೆಯುವ ಒಂದೆಲಗವನ್ನು ಹಸಿಯಾಗಿಯೇ ಅರೆದು ತಂಬುಳಿ ಮಾಡುವ ಮನೆಗಳಲ್ಲಿ ಮಳೆಗಾಲದಲ್ಲಿ ಎಲೆ ಎಲೆಯನ್ನೂ ಬಿಡಿಸಿ, ಹಿಂದುಮುಂದು ತಿರುವಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಅಕ್ಕಿಕಾಳಿನಷ್ಟು ಚಿಕ್ಕ ಮರಿಹುಳು ಎಲೆಯ ಮಡಿಕೆಯಲ್ಲಿ ಅಡಗಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಹುಳುವನ್ನು ಮುಟ್ಟಿದ ಮಕ್ಕಳ ಕೈಯನ್ನು ಸಾಬೂನಿನಿಂದ ತೊಳೆಸಬೇಕು. ಮನೆಯಲ್ಲಿ ಇಲಿಗಳಿಗೆ ಆಶ್ರಯ ಕೊಡದಿರುವುದೂ ಇದೇ ಎಚ್ಚರದ ಭಾಗ. ಇಷ್ಟನ್ನು ಮಾಡಿದವರಿಗೆ ಭಯಪಡಲು ಕಾರಣ ಉಳಿಯುವುದಿಲ್ಲ. ಗುಳಿಗೆ ಚೆಲ್ಲಲಂತೂ ಕಾರಣವೇ ಇಲ್ಲ.

ಆ ಗುಳಿಗೆಯಲ್ಲಿ ಇರುವುದಾದರೂ ಏನು? ಸಾಮಾನ್ಯವಾಗಿ ಮೆಟಾಲ್ಡಿಹೈಡ್ ಎಂಬ ರಾಸಾಯನಿಕ. ಹುಳುಗಳನ್ನು ಸೆಳೆಯಲೆಂದು ಅದನ್ನು ಧಾನ್ಯದ ತೌಡಿನಂಥ ತಿನಿಸಿನೊಡನೆ ಬೆರೆಸಿರುತ್ತಾರೆ. ಲೋಳೆಹುಳುವನ್ನು ಸೆಳೆಯುವ ತೌಡು ನಾಯಿಯನ್ನೂ ಕೋಳಿಯನ್ನೂ ಅಂಗಳಕ್ಕೆ ಬಿಟ್ಟ ಕರುವನ್ನೂ ಸೆಳೆಯದೆ ಬಿಡುವುದೆ? ತಿಂದ ನಾಯಿಗೆ ನಡುಕ ಹತ್ತಿ ಸೆಳೆತ ಬರುತ್ತದೆ. ಈ ವಿಷಕ್ಕೆ ನಿರ್ದಿಷ್ಟವಾದ ಪ್ರತಿವಿಷವೆಂಬುದಿಲ್ಲ. ಮಳೆನೀರಿನೊಡನೆ ಹರಿದುಹೋದ ಅಂಶವನ್ನು ಕುಡಿಯುವ ನೀರಿನಿಂದ ಬೇರ್ಪಡಿಸುವುದು ಇಂಗ್ಲೆಂಡಿನ ನೀರು ಶುದ್ಧೀಕರಣ ಘಟಕಗಳಿಗೇ ಕಷ್ಟವಾಗಿತ್ತು. ಹಕ್ಕಿಗಳಿಗೂ ಸಸ್ತನಿಗಳಿಗೂ ಆಗುವ ಹಾನಿಯನ್ನು ಪರಿಗಣಿಸಿ ಗ್ರೇಟ್ ಬ್ರಿಟನ್ 2022ರ ಮಾರ್ಚ್ ಅಂತ್ಯದಿಂದ ಅದರ ಹೊರಾಂಗಣ ಬಳಕೆಯನ್ನೇ ನಿಷೇಧಿಸಿತು. ಇಲ್ಲಿ ಅದು ಇನ್ನೂ ಬಳಕೆಯಲ್ಲಿದೆ. ಇದಕ್ಕಿಂತ ಕ್ರೂರವಾದುದು ತೌಡು, ಬೆಲ್ಲ, ಮೆಥೋಮಿಲ್ ಬೆರೆಸಿ ಉಂಡೆಕಟ್ಟುವ ಪದ್ಧತಿ. ಕೃಷಿ ಸಲಹೆಗಳಲ್ಲಿಯೇ ಬಹುಕಾಲ ಕಾಣಿಸಿಕೊಂಡ ಈ ಪಾಕದ ಮೂಲವಸ್ತುವನ್ನು ಕೇಂದ್ರ ಸರಕಾರ 2023ರಲ್ಲಿ ನಿಷೇಧಿಸಿದೆ. ಆದರೆ ಹಳೆಯ ಡಬ್ಬಿಗಳು ಅಟ್ಟದ ಮೇಲೆ ಉಳಿದಿರುವುದುಂಟು, ಬಾಯಿಂದ ಬಾಯಿಗೆ ಬಂದ ಸಲಹೆಗಳಂತೂ ನಿಷೇಧಕ್ಕೆ ಬಗ್ಗುವುದಿಲ್ಲ. ಅಡಿಕೆ ತೋಟದ ಬುಡದಲ್ಲೇ ಕುಡಿಯುವ ನೀರಿನ ಬಾವಿ, ಅದರ ಪಕ್ಕದಲ್ಲೇ ಹಳ್ಳ, ವರ್ಷಕ್ಕೆ ನೂರಾರು ಅಂಗುಲ ಮಳೆ: ಇಂಥ ನೆಲದಲ್ಲಿ ಚೆಲ್ಲಿದ್ದು ಚೆಲ್ಲಿದಲ್ಲೇ ಇರುತ್ತದೆಯೆಂದು ನಂಬುವುದಕ್ಕೆ ವಿಶೇಷವಾದ ಮುಗ್ಧತೆ ಬೇಕು.

ಇನ್ನೊಂದು ನಷ್ಟ ಅಷ್ಟು ಬೇಗ ಕಣ್ಣಿಗೆ ಬೀಳುವಂಥದಲ್ಲ. ಮುಂಗಾರಿಗೆ ಮೊದಲು, ಮೇ ಕೊನೆಯ ರಾತ್ರಿಗಳಲ್ಲಿ, ಕಣಿವೆಯ ಮರಗಳನ್ನೆಲ್ಲ ಬೆಳಗಿಸುವ ಮಿಣುಕುಹುಳುಗಳು ಆ ಕೆಲವೇ ದಿನಗಳ ಬೆಳಕಿಗಾಗಿ ಅನೇಕ ತಿಂಗಳು ನೆಲದಲ್ಲಿ ಮರಿಹುಳುಗಳಾಗಿ ಬದುಕಿರುತ್ತವೆ. ಆಗ ಅವುಗಳ ಬೇಟೆ ಎರೆಹುಳು, ಬಸವನಹುಳು, ಲೋಳೆಹುಳು. ಜಾಡನ್ನು ಹಿಡಿದು ಹಿಂಬಾಲಿಸಿ, ಕಚ್ಚಿ ಮರಗಟ್ಟಿಸಿ, ಕರಗಿಸಿ ಹೀರುತ್ತವೆ. ಪ್ರಾಯಕ್ಕೆ ಬಂದ ಅನೇಕ ಜಾತಿಯ ಮಿಣುಕುಹುಳುಗಳು ಹೆಚ್ಚುಕಡಿಮೆ ಏನನ್ನೂ ತಿನ್ನುವುದಿಲ್ಲ; ಮರದ ಮೇಲಿನ ಆ ಬೆಳಕೆಲ್ಲ ಮರಿಯಾಗಿದ್ದಾಗ ತಿಂದುದರ ಬಲದಿಂದಲೇ ಬಂದುದು. ಮಿಣುಕುಹುಳುಗಳು ಕಡಿಮೆಯಾದವೆಂದು ಮರುಗುವ ಮನೆಯೇ ಅಂಗಳಕ್ಕೆ ಗುಳಿಗೆ ಎರಚುತ್ತಿದ್ದರೆ ಆ ಮರುಕಕ್ಕೆ ಏನು ಬೆಲೆ? ಕೆಂಬೂತ, ನೆಲಗಪ್ಪೆ, ನೆಲದ ಮೇಲೆ ಓಡಾಡುವ ದೊಡ್ಡ ದುಂಬಿಗಳು ಕೂಡ ಇದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಜೀವಿಗಳು.

ಹಾಗಾದರೆ ಹಿಂದಿನವರ ಮನೆಗಳಿಗೆ ಇವು ಬರುತ್ತಿರಲಿಲ್ಲವೇ? ಬರುತ್ತಿದ್ದವು. ಆದರೆ ಮನೆಯೇ ಬೇರೆಯಾಗಿತ್ತು. ಎತ್ತರದ ಜಗಲಿ, ಸುತ್ತ ಬೋಳಾದ ಅಂಗಳ, ಮಳೆಗಾಲವಿಡೀ ಆರದ ಒಲೆ, ಅಟ್ಟಕ್ಕೇರುವ ಹೊಗೆ, ಮೂಲೆಯಲ್ಲಿ ಸದಾ ಒಣಬೂದಿಯ ರಾಶಿ. ಒಣಗಿದ ನೆಲದ ಮೇಲೆ, ಬೂದಿಯ ಮೇಲೆ ಲೋಳೆಹುಳು ಹೆಚ್ಚು ದೂರ ಸಾಗಲಾರದು. ಇಂದಿನ ಕಾಂಕ್ರೀಟು ಮನೆಯಲ್ಲಿ ಒಲೆಯ ಜಾಗಕ್ಕೆ ಅನಿಲದ ಸಿಲಿಂಡರ್ ಬಂದಿದೆ. ಹೊಗೆಯಿಂದ ಕಣ್ಣು ಕೆಂಪಾಗಿಸಿಕೊಂಡಿದ್ದ ಹೆಂಗಸರ ದೃಷ್ಟಿಯಿಂದ ಅದು ಬಿಡುಗಡೆ, ಅದನ್ನು ಯಾರೂ ಹಿಂದಕ್ಕೆ ತಿರುಗಿಸಬೇಕಾಗಿಲ್ಲ. ಆದರೆ ಮನೆಯನ್ನು ಒಣಗಿಸುತ್ತಿದ್ದ ಬೆಂಕಿ ಹೋದ ಮೇಲೆ ಒಣಗಿಸುವ ಬೇರೆ ಉಪಾಯವನ್ನು ಯಾರೂ ಯೋಚಿಸಲಿಲ್ಲ. ಗಾಳಿಯಾಡದ ಬಚ್ಚಲು, ನೆಲಮಟ್ಟದ ಬಾಗಿಲು, ಜಾಲರಿಯಿಲ್ಲದ ಕೊಳವೆ, ಗೋಡೆಗೆ ಅಂಟಿಸಿಯೇ ಜೋಡಿಸಿದ ಹೂಕುಂಡಗಳು. ಹೀಗೆ ಆಹ್ವಾನಪತ್ರಿಕೆಯನ್ನು ಅಚ್ಚುಹಾಕಿಸಿ ಬಾಗಿಲಿಗೆ ಅಂಟಿಸಿದ ಬಳಿಕ ಅತಿಥಿಯನ್ನು ದೂರುವುದು ಸರಿಯಲ್ಲ.

ಕುಂಡಗಳ ಮಾತು ಬಂದುದರಿಂದ ಒಂದು ವಿಚಾರ. ಮನೆಯೊಳಗೆ ಬರುವ ಲೋಳೆಹುಳುಗಳೆಲ್ಲ ಈ ಬೆಟ್ಟಗಳ ಮೂಲನಿವಾಸಿಗಳಲ್ಲ. ಮರಿಯೆಲ್ಲಾ ಡುಸ್ಸುಮಿಯೇರಿ ಎಂಬುದು ಪಶ್ಚಿಮಘಟ್ಟದ್ದೇ. ಕಪ್ಪು ಮೈ, ಬೆನ್ನ ನಡುವೆ ತೆಳುಬಣ್ಣದ ಗೆರೆಯಿರುವ, ತೊಗಲಿನ ತುಂಡಿನಂತೆ ಕಾಣುವ ಲೇವಿಕಾಲಿಸ್ ಆಲ್ಟೆ ಆಫ್ರಿಕಾದಿಂದ ಬಂದುದು. ಪಾದ ಕಿರಿದಾಗಿರುವುದರಿಂದ ಅದು ಒಣಹವೆಯನ್ನೂ ತಾಳಬಲ್ಲದು, ಬೇಸಗೆಯನ್ನು ಮಣ್ಣಿನೊಳಗೆ ಕಳೆಯಬಲ್ಲದು. ಸಸ್ಯಗಳ ಸಾಗಾಟದೊಡನೆ, ಕುಂಡದ ಮಣ್ಣಿನಲ್ಲಿ ಮೊಟ್ಟೆಯಾಗಿ, ಇಂಥವು ಊರಿಂದೂರಿಗೆ ಪಯಣಿಸುತ್ತವೆ. 1847ರಲ್ಲಿ ಬೆನ್ಸನ್ ಎಂಬ ಚಿಪ್ಪುಜೀವಿಗಳ ಅಭ್ಯಾಸಿ ಮಾರಿಷಸ್ಸಿನಿಂದ ತಂದ ಆಫ್ರಿಕದ ದೈತ್ಯ ಬಸವನಹುಳುಗಳು ಕಲ್ಕತ್ತೆಯ ಒಂದು ತೋಟ ಸೇರಿದವು. ಅವುಗಳ ಜಾತಿ ಇಂದು ಕೊಡಗಿನ ಶನಿವಾರಸಂತೆಯ ಕಾಫಿ ತೋಟಗಳನ್ನು ಕಾಡಿದೆ. ನರ್ಸರಿಯಿಂದ ತಂದ ಗಿಡವನ್ನು ಅಂಗಳಕ್ಕಿಳಿಸುವ ಮೊದಲು ಕುಂಡದ ತಳವನ್ನೊಮ್ಮೆ ಎತ್ತಿ ನೋಡುವ ಅಭ್ಯಾಸ ಎಲ್ಲ ಗುಳಿಗೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮನೆಯ ಮಟ್ಟಿಗೆ ಮಾಡಬೇಕಾದುದು ಅಷ್ಟೇನೂ ಇಲ್ಲ. ಸಂಜೆ ಬಚ್ಚಲ ಕೊಳವೆಗೆ ಸಣ್ಣಕಣ್ಣಿನ ಜಾಲರಿ, ಬಾಗಿಲ ಸಂದಿಗೆ ಪಟ್ಟಿ. ಗೋಡೆಯ ಸುತ್ತ ಎರಡು ಮೊಳ ಜಾಗದಲ್ಲಿ ಕುಂಡ, ಸೌದೆ, ಹಸಿಕಸದ ರಾಶಿ ಇರಬಾರದು. ನಾಯಿಬೆಕ್ಕುಗಳ ಊಟದ ತಟ್ಟೆಯನ್ನು ರಾತ್ರಿ ಎತ್ತಿಡಬೇಕು. ಮನೆಯಿಂದ ಹತ್ತು ಮಾರು ದೂರದಲ್ಲಿ ಒದ್ದೆ ಗೋಣಿಚೀಲವೊಂದನ್ನು ಹಾಸಿ ಅಡಿಯಲ್ಲಿ ಪಪ್ಪಾಯಿ ಎಲೆಯನ್ನೋ ಸೌತೆ ಸಿಪ್ಪೆಯನ್ನೋ ಇಟ್ಟರೆ ಬೆಳಗಿನ ಹೊತ್ತಿಗೆ ಹುಳುಗಳು ಅದರಡಿ ಸೇರಿರುತ್ತವೆ. ಈ ನೆಲದವನ್ನು ಕಡ್ಡಿಯಿಂದ ಎತ್ತಿ ದರಗಿನ ಗುಂಡಿಗೆ ಸೇರಿಸಬಹುದು. ಅಲ್ಲಿ ಅವು ಕೊಳೆತುದನ್ನು ತಿಂದು ಗೊಬ್ಬರದ ಕೆಲಸದಲ್ಲಿ ಕೈಜೋಡಿಸುತ್ತವೆ. ಆಫ್ರಿಕದವನ್ನು ಮರಳಿ ಬಿಡಬಾರದು, ಕುದಿನೀರಿಗೆ ಹಾಕಿ ಹೂಳುವುದೇ ಸರಿ. ಉಪ್ಪಿನಿಂದ ಸಾಯುವ ಜೀವಿ ತನ್ನ ಮೈನೀರನ್ನೆಲ್ಲ ಕಳೆದುಕೊಂಡು ನಿಧಾನವಾಗಿ ಸಾಯುತ್ತದೆ. ಆ ಉಪ್ಪು ಗೋಡೆಯ ಗಾರೆಯನ್ನೂ ಗಿಡದ ಬೇರನ್ನೂ ತಿನ್ನುತ್ತದೆ. ಮೊಟ್ಟೆಯ ಓಡು, ತಾಮ್ರದ ಪಟ್ಟಿಗಳ ಬಗ್ಗೆ ಕೇಳಿಬರುವ ಹೊಗಳಿಕೆಯನ್ನೂ ಪೂರ್ತಿ ನಂಬಬೇಕಾಗಿಲ್ಲ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2018ರಲ್ಲಿ ಅವುಗಳನ್ನು ಸೊಪ್ಪಿನ ಗಿಡಗಳ ಸುತ್ತ ಪರೀಕ್ಷಿಸಿದಾಗ ಪ್ರಯೋಜನ ಕಾಣಲಿಲ್ಲ. ಬೂದಿಯ ಗೆರೆಯೂ ಒಣಗಿರುವವರೆಗೆ ಮಾತ್ರ. ಆಷಾಢದಲ್ಲಿ ಅದನ್ನು ಮಾಡಿನ ಕೆಳಗೆ, ಹೊಸ್ತಿಲ ಒಳಬದಿಗೆ ಎಳೆಯಬೇಕಾಗುತ್ತದೆ.

ನೆಲದ ಮೇಲೆ ಉಳಿದ ಲೋಳೆಗೆ ಕೂಡಲೇ ನೀರು ಸುರಿಯುವುದು ಎಲ್ಲರೂ ಮಾಡುವ ತಪ್ಪು. ನೀರು ತಾಗಿದಷ್ಟೂ ಲೋಳೆ ಉಬ್ಬುತ್ತದೆ, ಕೈಗಂಟಿದ್ದು ಬಿಡುವುದೇ ಇಲ್ಲ. ಮೊದಲು ಒಣಬೂದಿಯನ್ನು ಉದುರಿಸಿ ಒಣಬಟ್ಟೆಯಿಂದ ಒತ್ತಿ ಒರೆಸಿ, ಬಳಿಕ ಹುಳಿನೀರಿನಿಂದಲೋ ಬಿಸಿನೀರಿನಿಂದಲೋ ತೊಳೆದರೆ ಜಾಡು ಹೋಗುತ್ತದೆ. ಜಾಡು ಹೋದ ಮೇಲೆ ಅದೇ ಹಾದಿಯಲ್ಲಿ ಮರುರಾತ್ರಿ ಬರುವವರ ಸಂಖ್ಯೆಯೂ ಇಳಿಯುತ್ತದೆ.