ಕೇಳುಗರ ಔದಾರ್ಯ

ಕಲೆಯನ್ನು ಮೆಚ್ಚುವುದಕ್ಕೂ ದೊಡ್ಡ ಮನಸ್ಸು ಬೇಕು. 1958ರಲ್ಲಿ ಅಮೆರಿಕಕ್ಕೂ ಸೋವಿಯತ್ ಒಕ್ಕೂಟಕ್ಕೂ ನಡುವೆ ಶೀತಲ ಸಮರ ನಡೆದಿತ್ತು. ಆ ವರ್ಷ ಮಾಸ್ಕೋದಲ್ಲಿ ಏರ್ಪಟ್ಟ ಪ್ರಥಮ ಚೈಕೋವ್‌ಸ್ಕಿ ಸ್ಪರ್ಧೆಗೆ ಅಮೆರಿಕದ 23 ವರ್ಷದ ಪಿಯಾನೋ ವಾದಕ ವ್ಯಾನ್ ಕ್ಲೈಬರ್ನ್ ಬಂದನು. ರಷ್ಯನ್ನರು ತಮ್ಮದೆಂದು ಹೆಮ್ಮೆಪಡುವ ಚೈಕೋವ್‌ಸ್ಕಿಯ ಮೊದಲನೆಯ ಪಿಯಾನೋ ಕಾನ್ಸರ್ಟೊವನ್ನು ಅವನು ವಾದ್ಯವೃಂದದೊಡನೆ ನುಡಿಸಿದನು. ಆ ಕೃತಿಯ ಆರಂಭದಲ್ಲಿ ಕೊಂಬುವಾದ್ಯಗಳ ಕರೆಗೆ ಪಿಯಾನೋ ಗಂಭೀರವಾದ ಸ್ವರಮೇಳಗಳಿಂದ ಓಗೊಡುತ್ತದೆ. ಬರಿಯ ಅಬ್ಬರಕ್ಕೆ ಎಡೆಯಾಗಬಹುದಾದ ಅಲ್ಲಿಯೂ ಅವನ ನಾದ ತುಂಬಿ ಹಾಡಿತು. ಸಭೆ ಎದ್ದು ನಿಂತು ಬಹು ಹೊತ್ತು ಚಪ್ಪಾಳೆ ತಟ್ಟಿತು. ಪ್ರಥಮ ಬಹುಮಾನ ಅವನಿಗೇ ಸಂದಿತು. ಅವನ ಬೆರಳುಗಳ ಸಿದ್ಧಿ ದೊಡ್ಡದು, ನಿಜ. ಆದರೆ ವಾದಕನ ನಾಡನ್ನು ಮರೆತು ನಾದವನ್ನಷ್ಟೇ ಆಲಿಸಿದ ಆ ಕೇಳುಗರ ಔದಾರ್ಯ ಅದಕ್ಕಿಂತ ಕಿರಿದಲ್ಲ. ಸಹೃದಯರಿಲ್ಲದೆಡೆ ಎಂತಹ ಕಲೆಯೂ ಅಪೂರ್ಣವೇ ಸರಿ.